ನನ್ನದೇ ಕವರ್, ನನಗೇ ದಂಡ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ನಮ್ಮ ಕೇರಿಯ ತಿರುವಿನಲ್ಲಿದ್ದ ಕಸದ ರಾಶಿಯ ಫೋಟೊ ಬಂದಿತ್ತು. ಎಷ್ಟು ಹೇಳಿದರೂ ಜನ ಎಚ್ಚೆತ್ತುಕೊಳ್ಳುವುದಿಲ್ಲ, ಕೊನೆಗೆ ನಗರಾಡಳಿತದವರು ದಂಡ ಹಾಕಲೇಬೇಕಾಯಿತು ಎಂದು ವರದಿ. ಆ ಎಚ್ಚೆತ್ತುಕೊಳ್ಳದ ಜನ ಬೇರೆ ಯಾರೂ ಅಲ್ಲ, ನಾನೇ. 500 ರೂಪಾಯಿ ಕಟ್ಟಿದ ರಸೀದಿ ಫ್ರಿಜ್ ಮೇಲಿದೆ.

ರಾಶಿ ಕೆದಕಿದಾಗ ನಮ್ಮ ಯಜಮಾನರ ಹೆಸರಿದ್ದ ಕೊರಿಯರ್ ಕವರ್ ಸಿಕ್ಕಿತಂತೆ. ಸಿಗದೇ ಏನು? ಹಿಂದಿನ ದಿನ ಬೆಳಿಗ್ಗೆ ಅದನ್ನು ನಾನೇ ಒಣ ಕಸದ ನೀಲಿ ಬಕೆಟ್‌ಗೆ ಹಾಕಿ ಕಸದ ಗಾಡಿಗೆ ಕೊಟ್ಟಿದ್ದೆ. ಗಾಡಿ ಆಗಲೇ ತುಂಬಿ ತುಳುಕುತ್ತಿತ್ತು. ತಿರುವಿನ ಹಂಪ್ ಹತ್ತಿ ಇಳಿಯುವಾಗ ಅರ್ಧ ಕಸ ಅಲ್ಲೇ ಉದುರಿತು. ಎದುರು ಮನೆಯವರು ಕಣ್ಣಾರೆ ನೋಡಿದ್ದಾರೆ. ಮಧ್ಯಾಹ್ನ ನಾಯಿಗಳು ಎಳೆದಾಡಿದವು, ಸಂಜೆ ಇನ್ನಿಬ್ಬರು ಪುಣ್ಯಾತ್ಮರು ತಮ್ಮ ಕಸದ ಪ್ಲಾಸ್ಟಿಕ್ ಕೊಟ್ಟೆಗಳನ್ನೂ ಅಲ್ಲೇ ಎಸೆದು ಹೋದರು. ಅವರ ಕಸದಲ್ಲಿ ಹೆಸರು, ವಿಳಾಸ ಇರಲಿಲ್ಲ ನೋಡಿ. ಪಾರಾದರು. ವಿಳಾಸ ಹರಿಯದೆ ಕವರ್ ಬಿಸಾಡಿದ್ದೇ ನನ್ನ ತಪ್ಪು.

ನನಗೆ ಉರಿದದ್ದು ದುಡ್ಡಿಗಲ್ಲ. ಅಂದರೆ, ದುಡ್ಡಿಗೂ ಹೌದು. ಆದರೆ ಅದಕ್ಕಿಂತ ಜಾಸ್ತಿ, ಈ ಕೇರಿಯಲ್ಲಿ ಕಸದ ವಿಷಯಕ್ಕೆ ಮನೆಯವರ ಹತ್ತಿರ ಬೈಸಿಕೊಂಡವಳು ನನ್ನಷ್ಟು ಬೇರೆ ಯಾರೂ ಇರಲಿಕ್ಕಿಲ್ಲ. ನಮ್ಮ ಮನೆಯ ಬಟ್ಟೆ ಒಣಹಾಕುವ ಹಗ್ಗ ಒಮ್ಮೆ ಬಂದು ನೋಡಿ. ಅಂಗಿ, ಲಂಗದ ನಡುವೆ ಹಾಲಿನ ಕೊಟ್ಟೆಗಳು ಕ್ಲಿಪ್ ಹಾಕಿಕೊಂಡು ತೂಗಾಡುತ್ತಿರುತ್ತವೆ. ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ಬೇರೆ ಮಾಡುವುದಿಲ್ಲ, ಅಂಟಿಕೊಂಡೇ ಇರಬೇಕು. ಆ ಚೂರು ಬಿದ್ದರೆ ನೇರ ಗಟಾರಕ್ಕೆ, ಗಟಾರದಿಂದ ಸಮುದ್ರಕ್ಕೆ. ಒಳಗೆ ಹಾಲು ಉಳಿದರೆ ಎರಡೇ ದಿನಕ್ಕೆ ನಾರುತ್ತದೆ, ಗುಜರಿಯವನು ಮೂಗು ಮುಚ್ಚಿಕೊಂಡು ಬೇಡ ಅನ್ನುತ್ತಾನೆ. ಅದಕ್ಕೇ ಪಾತ್ರೆ ತೊಳೆದ ಕೊನೆಯ ನೀರಲ್ಲಿ ಒಂದು ಸಲ ಜಾಲಿಸಿ ಒಣಗಿಸುವುದು. ಜುಲೈ ತಿಂಗಳಲ್ಲಿ ನಮ್ಮ ಕಾರವಾರದ ಮಳೆಗೆ ಬಟ್ಟೆಯೇ ಮೂರು ದಿನಕ್ಕೂ ಒಣಗುವುದಿಲ್ಲ, ಇನ್ನು ಹಾಲಿನ ಕೊಟ್ಟೆ! ಅಡುಗೆಮನೆಯ ಕಿಟಕಿ ಸರಳಿಗೆ ಸಿಕ್ಕಿಸಿ ಒಣಗಿಸಿದ್ದೇನೆ. ನೆಂಟರು ಬಂದವರು ಇದೇನು ತೋರಣ ಎಂದು ಕೇಳಿದ್ದೂ ಆಯಿತು.

ಅತ್ತೆಯವರ ಜೊತೆ ಬಚ್ಚಲ ಒಲೆಯ ಜಗಳ ಬೇರೆ. ಬೆಂಕಿ ಬೇಗ ಹತ್ತಲಿ ಎಂದು ಅವರು ಪ್ಲಾಸ್ಟಿಕ್ ಕೊಟ್ಟೆ ಒಟ್ಟುವವರು. ಆ ಹೊಗೆ ಕುಡಿದರೆ ನಿಮಗೇ ಕೆಮ್ಮು ಎಂದು ಹೇಳಿ ಹೇಳಿ ನನಗೇ ಗಂಟಲು ಕಟ್ಟಿತು. ಕೊನೆಗೆ ಒಣ ತೆಂಗಿನ ಗರಿ ಕತ್ತರಿಸಿ ಡಬ್ಬದಲ್ಲಿ ತುಂಬಿ ಒಲೆಯ ಪಕ್ಕ ಇಟ್ಟೆ. ಕೈಗೆ ಸಿಕ್ಕಿದ್ದನ್ನೇ ಒಟ್ಟುವುದು ಅವರ ಅಭ್ಯಾಸ, ಈಗ ಕೈಗೆ ಗರಿಯೇ ಸಿಗುತ್ತದೆ. ತೆಂಗಿನ ಸಿಪ್ಪೆ, ಗರಟೆ ಮೊದಲಿಂದಲೂ ಒಲೆಗೇ. ಹೀಗಾಗಿ ಅದು ಕಸದ ಲೆಕ್ಕಕ್ಕೇ ಬರುವುದಿಲ್ಲ.

ಹಸಿ ಕಸದಲ್ಲಿ ಮೊದಲು ಸೋತೆ, ಅದನ್ನೂ ಹೇಳುತ್ತೇನೆ. ಹಳೆ ಪೇಂಟ್ ಬಕೆಟ್‌ಗೆ ತೂತು ಮಾಡಿ ತರಕಾರಿ ಸಿಪ್ಪೆ, ಚಹಾ ಪುಡಿ ಎಲ್ಲಾ ಸುರಿದೆ. ವಾರದೊಳಗೆ ಹುಳ, ವಾಸನೆ. ಆಮೇಲೆ ಗೊತ್ತಾಯಿತು, ಬರೀ ಹಸಿ ಹಾಕಿದರೆ ಅದು ಕೊಳೆಯುತ್ತದೆ, ಗೊಬ್ಬರ ಆಗುವುದಿಲ್ಲ. ಒಂದು ಮುಷ್ಟಿ ಹಸಿಗೆ ಒಂದು ಮುಷ್ಟಿ ಒಣ ಎಲೆಯೋ ತೆಂಗಿನ ನಾರಿನ ಪುಡಿಯೋ ಬೀಳಬೇಕು. ಆಗಾಗ ಕೆದಕಬೇಕು, ಗಾಳಿ ಆಡಬೇಕು. ಶುರುವಿಗೆ ಸ್ವಲ್ಪ ಹುಳಿ ಮಜ್ಜಿಗೆ. ಮಳೆಗಾಲದಲ್ಲಿ ಸೂರಿನ ಕೆಳಗೆ ಇಟ್ಟು ಮೇಲೆ ಮುಚ್ಚಳ. ಎರಡು, ಎರಡೂವರೆ ತಿಂಗಳಿಗೆ ಕಪ್ಪು ಮಣ್ಣಾಗಿ ಬರುತ್ತದೆ. ಮೀನಿನ ತಲೆ, ಸಿಗಡಿ ಸಿಪ್ಪೆ ಮಾತ್ರ ಬಕೆಟ್‌ಗೆ ಹಾಕುವುದಿಲ್ಲ. ತೆಂಗಿನ ಬುಡದಲ್ಲಿ ಮೊಣಕೈ ಆಳದ ಗುಂಡಿ, ಮೇಲೆ ಮಣ್ಣು, ಅದರ ಮೇಲೆ ನಾಯಿ ಕೆದಕದ ಹಾಗೆ ದೊಡ್ಡ ಕಲ್ಲು. ಮನೆ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿಯೇ ಇರುವುದು. ಅದು ಹಿತ್ತಿಲಲ್ಲೇ ಮುಗಿಯಿತು ಅಂದರೆ ಗಾಡಿಗೆ ಕೊಡಲು ಉಳಿಯುವುದು ಎಷ್ಟು ಹೇಳಿ?

ಮೀನು ತರಲು ಸ್ಟೀಲ್ ಡಬ್ಬ ಒಯ್ಯುತ್ತೇನೆ. ಮೊದಲ ದಿನ ಮೀನಿನವಳು ‘ಅಕ್ಕಾ, ಊಟಕ್ಕೆ ಬಂದ್ರಾ’ ಎಂದು ನಕ್ಕಿದ್ದಳು. ಈಗ ಕೊಟ್ಟೆ ಉಳಿಯಿತೆಂದು ಒಂದು ಬಂಗಡೆ ಮೇಲೆ ಹಾಕುತ್ತಾಳೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿ 2016ರಿಂದ ಎಷ್ಟು ವರ್ಷವಾಯಿತು? ಪೇಟೆಗೆ ಹೋದರೆ ಕಾಲು ಕಿಲೋ ಮೆಣಸಿನಕಾಯಿಗೂ ಒಂದು ಕೊಟ್ಟೆ. ಅಲ್ಲಿ ಕೆದಕುವವರು ಯಾರೂ ಇಲ್ಲ.

ಇಷ್ಟೆಲ್ಲಾ ಮಾಡಿ ಉಳಿದ ಕಸದ ಎರಡು ಬಕೆಟ್ ಹಿಡಿದು ಗೇಟಿನ ಹತ್ತಿರ ನಿಂತರೆ ಏನಾಗುತ್ತದೆ? ಹಸಿ ಕಸದ ಹಸಿರು ಬಕೆಟ್ ಸುರಿದದ್ದು ಎಲ್ಲೋ, ನೀಲಿ ಬಕೆಟ್ ಸುರಿದದ್ದೂ ಅಲ್ಲೇ. ನನ್ನ ತೊಳೆದು ಒಣಗಿಸಿದ ಡಬ್ಬಿಯ ಮೇಲೆ ಯಾರದೋ ಮನೆಯ ನಿನ್ನೆಯ ಸಾರು. ರಟ್ಟು, ಪೇಪರ್ ಮೀನಿನ ನೀರಲ್ಲಿ ನೆಂದ ಮೇಲೆ ಅದನ್ನು ಯಾವ ಗುಜರಿಯವನು ತೆಗೆದುಕೊಳ್ಳುತ್ತಾನೆ? ಕೇಳಿದರೆ ಗಾಡಿಯ ಹುಡುಗ, ‘ಅಕ್ಕಾ, ಎಲ್ಲಾ ಹೋಗೂದು ಒಂದೇ ಬದಿಗೆ’ ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕೈಗೆ ಗ್ಲೌಸ್ ಇಲ್ಲ, ಬೆರಳಿಗೆ ಗಾಜು ತಾಗಿ ಬಟ್ಟೆ ಸುತ್ತಿಕೊಂಡಿದ್ದ. ಒಡೆದ ಗಾಜನ್ನು ಪೇಪರ್‌ನಲ್ಲಿ ಸುತ್ತಿ, ಗಾಜು ಎಂದು ಮೇಲೆ ಬರೆದು ಬೇರೆ ಕೊಡುವಷ್ಟು ಬುದ್ಧಿ ನಮ್ಮವರಿಗೂ ಬೇಕು.

ಕಸ ನಿರ್ವಹಣೆಯ 2016ರ ನಿಯಮದಲ್ಲೇ ಹಸಿ, ಒಣ, ಅಪಾಯಕಾರಿ ಎಂದು ಮೂರು ಭಾಗ ಮಾಡಿ ಕೊಡಬೇಕೆಂದು ಇತ್ತು. ಬೇರೆ ಬೇರೆ ಕೊಟ್ಟದ್ದನ್ನು ಬೇರೆ ಬೇರೆಯಾಗಿಯೇ ಒಯ್ಯಬೇಕೆಂದೂ ಇತ್ತು, ಸ್ವಾಮಿ. ಮೊದಲನೆಯ ಸಾಲು ಮಾತ್ರ ಓದಿ ಪುಸ್ತಕ ಮುಚ್ಚಿದರೆ ಹೇಗೆ? ಮುಗಿದ ಸೆಲ್ಲು, ಸುಟ್ಟ ಬಲ್ಬು, ಅವಧಿ ಮೀರಿದ ಮಾತ್ರೆ ಎಂದು ನನ್ನ ಹತ್ತಿರ ಒಂದು ಬಿಸ್ಕಿಟ್ ಡಬ್ಬ ತುಂಬಿದೆ. ಒಂದು ವರ್ಷದಿಂದ ಅದನ್ನು ತೆಗೆದುಕೊಳ್ಳುವ ಗಾಡಿಗೆ ಕಾಯುತ್ತಿದ್ದೇನೆ.

ದಂಡದ ಬಗ್ಗೆ ಕೇಳಲು ನಗರಾಡಳಿತದ ಕಚೇರಿಗೆ ಹೋದೆ. ಸಾಹೇಬರು ಮೀಟಿಂಗ್‌ನಲ್ಲಿ. ಮರುದಿನ ಹೋದೆ, ಸೈಟಿಗೆ ಹೋಗಿದ್ದಾರೆ. ಮೂರನೇ ದಿನ ಸಿಕ್ಕವರು ಹಳಬರಲ್ಲ, ಹೊಸಬರು, ಹಳಬರಿಗೆ ವರ್ಗವಾಗಿದೆಯಂತೆ. ‘ಅರ್ಜಿ ಕೊಡಿ, ಎರಡು ಝೆರಾಕ್ಸ್ ಇಡಿ’ ಅಂದರು. ಕಸ ಕಡಿಮೆ ಮಾಡಿ ಎಂಬ ಬೋರ್ಡಿನ ಕೆಳಗೇ ಕೂತು! ಇದೇ ಕಚೇರಿಗೆ ಎರಡು ವರ್ಷದ ಹಿಂದೆ ಬೀದಿದೀಪಕ್ಕೆ ಅರ್ಜಿ ಕೊಟ್ಟಿದ್ದೆ. ಕಂಬ ಇದೆ, ದೀಪ ಇಲ್ಲ. ಗಟಾರದ ಮೇಲಿನ ಹಾಸುಗಲ್ಲು ಮುರಿದು ಯಜಮಾನರ ಕಾಲು ಉಳುಕಿದ್ದಕ್ಕೆ ಕೊಟ್ಟ ಅರ್ಜಿ ಎಲ್ಲಿದೆಯೋ ದೇವರೇ ಬಲ್ಲ. ಮನೆ ತೆರಿಗೆಯ ಜೊತೆ ಕಸದ ಕರ ಮಾತ್ರ ಒಂದು ವರ್ಷವೂ ತಪ್ಪಿಲ್ಲ. ಸಮುದ್ರದಂಡೆಯಲ್ಲಿ ಸ್ವಚ್ಛತೆ ಎಂದು ಹೊಸ ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡದ್ದೂ ಗೊತ್ತು. ಆಮೇಲೆ ಕುಡಿದ ಚಹಾದ ಲೋಟ ಯಾರು ಹೆಕ್ಕಿದರು ಎಂಬುದನ್ನೂ ನಾವು ನೋಡಿದ್ದೇವೆ.

ಈಗ ನನ್ನ ಬೇಡಿಕೆ ಇಷ್ಟೇ. ನನ್ನ 500 ರೂಪಾಯಿ ವಾಪಸ್ ಕೊಡಿ. ಅದು ಬೇಡ, ಆ ದುಡ್ಡಿನಲ್ಲಿ ಗಾಡಿಯ ನಡುವೆ ಒಂದು ಅಡ್ಡ ಹಲಗೆ ಹಾಕಿಸಿ. ಅಥವಾ ಆ ಹುಡುಗರಿಗೆ ಗ್ಲೌಸ್ ತೆಗೆಸಿಕೊಡಿ. ಗಾಡಿ ಬರಲು ಒಂದು ಹೊತ್ತನ್ನಾದರೂ ಗೊತ್ತು ಮಾಡಿ. ಬೀದಿದೀಪವನ್ನೂ ನೋಡಿ. ಒಟ್ಟಿನಲ್ಲಿ ಸಂಬಂಧಪಟ್ಟವರು ಏನಾದರೂ ಮಾಡಬೇಕು. ಏನೂ ಮಾಡಲು ಆಗದಿದ್ದರೆ ಸುಮ್ನೆ ಕೂತಿರಿ, ಆದರೆ ನಾನು ತೊಳೆದು ಕೊಟ್ಟ ಕಸವನ್ನು ಬೀದಿಗೆ ಚೆಲ್ಲಿ, ನನ್ನ ಗಂಡನ ಹೆಸರು ಹುಡುಕಿ, ನನಗೇ ಪಾಠ ಹೇಳಲು ಬರಬೇಡಿ. ಸ್ವಲ್ಪವಾದರೂ ನಾಚಿಕೆ ಬೇಡವೇ?

ಇಂತಿ,
ದಂಡ ಕಟ್ಟಿದ ಗೃಹಿಣಿ
ಕಾರವಾರ