ಗೆಳೆಯನಿಗೊಂದು ಪತ್ರ: ಕಿರ್ಕ್‌ನ ಅಂಗಿ ಹಸಿರು

ಮೈಸೂರು

ಪ್ರಿಯ ಗೆಳೆಯಾ,

ನೀನು ಕಳುಹಿಸಿದ ಹರಾಜಿನ ಕ್ಯಾಟಲಾಗನ್ನು ಮೂರು ರಾತ್ರಿ ಕುಳಿತು ಓದಿ ಮುಗಿಸಿದೆ. ಆಕಾಶನೌಕೆಯ ಸಾಹಸಗಳ ಅಮೆರಿಕನ್ ಧಾರಾವಾಹಿ ‘ಸ್ಟಾರ್ ಟ್ರೆಕ್’ನ ಮುಂದಿನ ತಲೆಮಾರಿನ ಕಥೆಯಾದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ನ ಮರೂನ್ ಬಣ್ಣದ ಸಮವಸ್ತ್ರವೊಂದರ ಮೇಲೆ ನಿನ್ನ ಕಣ್ಣು ಬಿದ್ದಿದೆಯೆಂದೂ, ಮೂವತ್ತು ವರ್ಷ ಹವ್ಯಾಸಿ ನಾಟಕಗಳಿಗೆ ಕಿರೀಟ, ಗದೆ ಮಾಡಿಕೊಟ್ಟವನು ನಾನಾದ್ದರಿಂದ ಬಿಡ್ ಹಾಕಬಹುದೋ ಬೇಡವೋ ಎಂದು ನಾನೇ ಹೇಳಬೇಕೆಂದೂ ಬರೆದಿದ್ದೀಯ. ಹಾಕು ಎಂದೋ ಬಿಡು ಎಂದೋ ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಈ ಹರಾಜುಗಳನ್ನು ದೂರದಿಂದಲೇ ಹಲವು ವರ್ಷಗಳಿಂದ ಗಮನಿಸುತ್ತ ಬಂದಿರುವುದರಿಂದ ಹೇಳಬೇಕೆನ್ನಿಸಿದ್ದು ಬಹಳ ಇದೆ.

ನಿಮ್ಮ ಮನೆಯ ಕಪ್ಪು-ಬಿಳುಪು ಟಿ.ವಿ. ನಿನಗೆ ನೆನಪಿದೆಯಲ್ಲ? 1980ರ ದಶಕದಲ್ಲಿ ದೂರದರ್ಶನವು ಭಾನುವಾರ ಬೆಳಿಗ್ಗೆ ಹಳೆಯ ‘ಸ್ಟಾರ್ ಟ್ರೆಕ್’ ಹಾಕುತ್ತಿದ್ದಾಗ, ಇಂಗ್ಲಿಷ್ ಅರ್ಧಂಬರ್ಧ ಅರ್ಥವಾಗುತ್ತಿದ್ದ ನಾವಿಬ್ಬರೂ ಚಾಪೆಯ ಮೇಲೆ ಕುಳಿತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ನೌಕೆಯ ಕ್ಯಾಪ್ಟನ್ ಕಿರ್ಕ್‌ನ ಅಂಗಿ ನಮ್ಮ ಪಾಲಿಗೆ ತಿಳಿ ಬೂದು, ಅವನ ಜೊತೆಯ ಅಧಿಕಾರಿ ಸ್ಪಾಕ್‌ನದು ಸ್ವಲ್ಪ ಗಾಢ ಬೂದು. “ಇವರೆಲ್ಲ ಬರೀ ಬನಿಯನ್ನಿನಲ್ಲೇ ಆಕಾಶಕ್ಕೆ ಹೊರಟಿದ್ದಾರಲ್ಲ” ಎಂದು ನಿಮ್ಮ ತಂದೆ ಪೇಪರಿನ ಹಿಂದಿನಿಂದ ಹೇಳಿದ್ದು ಈಗಲೂ ಕಿವಿಯಲ್ಲಿದೆ. ಬಣ್ಣದ ಟಿ.ವಿ. ಬಂದ ಮೇಲೆ ಕಿರ್ಕ್‌ನ ಅಂಗಿ ಚಿನ್ನದ ಹಳದಿಯೆಂದು ತಿಳಿದು ಸಂತೋಷಪಟ್ಟೆವು. ಅದೂ ಸುಳ್ಳಂತೆ. ವಸ್ತ್ರವಿನ್ಯಾಸಕ ವಿಲಿಯಂ ವೇರ್ ಥೈಸ್ ಹೊಲಿಸಿದ್ದು ಬೆಣ್ಣೆಹಣ್ಣಿನ ಸಿಪ್ಪೆಯಂಥ ಹಸಿರು ವೆಲೂರ್ ಎಂಬ ಮಖಮಲ್ಲಿನಂಥ ಬಟ್ಟೆಯ ಅಂಗಿ. ಸ್ಟುಡಿಯೋದ ದೀಪಗಳೂ ಫಿಲ್ಮೂ ಸೇರಿ ಅದನ್ನು ಹಳದಿಯಾಗಿ ತೋರಿಸಿದವು. ಆ ವೆಲೂರ್ ಪ್ರತಿ ಬಾರಿ ಶುಚಿಗೊಳಿಸಿದಾಗಲೂ ಕುಗ್ಗುತ್ತಿದ್ದುದರಿಂದ ಮೂರನೆಯ ವರ್ಷಕ್ಕೆ ಬಟ್ಟೆಯನ್ನೇ ಬದಲಿಸಬೇಕಾಯಿತು. ಹರಾಜಿನ ಕ್ಯಾಟಲಾಗಿನಲ್ಲಿ ಮೊದಲ ಬಾರಿ ಅಂಥ ಅಂಗಿಯೊಂದರ ಚಿತ್ರವನ್ನು ಸಾಧಾರಣ ಬೆಳಕಿನಲ್ಲಿ ನೋಡಿದಾಗ ನನಗೆ ಮೋಸಹೋದ ಭಾವನೆಯ ಬದಲು, ಯಾರದೋ ಮನೆಯ ಅಡುಗೆಮನೆಗೆ ಹಿಂಬಾಗಿಲಿನಿಂದ ಹೋದಂಥ ಸಲಿಗೆಯ ಭಾವನೆ ಬಂತು.

ಈ ಹರಾಜುಗಳಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಅದೇ. ಕ್ಯಾಮೆರಾಕ್ಕೆ ಬೀಳಲೆಂದು ಮಾಡಿದ ಮೈ ಒಂದು, ಬೀಳುವುದಿಲ್ಲವೆಂದು ಹಾಗೇ ಬಿಟ್ಟ ಮೈ ಇನ್ನೊಂದು. ಎರಡೂ ಒಂದೇ ವಸ್ತುವಿನಲ್ಲಿರುತ್ತವೆ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ 1974ರಲ್ಲಿ ದಾನವಾಗಿ ಬಂದ, ಕಿರ್ಕ್‌ನ ಎಂಟರ್‌ಪ್ರೈಸ್ ನೌಕೆಯ ಹನ್ನೊಂದು ಅಡಿ ಉದ್ದದ ಮಾದರಿಯನ್ನು ನೋಡು. ಅದರ ಬಲಮಗ್ಗುಲಿಗೆ ಕಿಟಕಿ, ಅಕ್ಷರ, ದೀಪ ಎಲ್ಲವೂ ಇವೆ. ಎಡಮಗ್ಗುಲಿನಲ್ಲಿ ಅಲಂಕಾರವೇ ಇಲ್ಲ, ಏಕೆಂದರೆ ಒಳಗಿನ ದೀಪಗಳಿಗೆ ವಿದ್ಯುತ್ ಒಯ್ಯುವ ತಂತಿಗಳು ಆ ಕಡೆಯಿಂದ ಹೊರಬರುತ್ತಿದ್ದವು, ಮತ್ತು ಚಿತ್ರೀಕರಣವೆಲ್ಲ ಬಲಗಡೆಯಿಂದಲೇ ನಡೆಯುತ್ತಿತ್ತು. ದೂರದ ಬೆಟ್ಟ ನುಣ್ಣಗೆ ಎಂಬುದನ್ನು ಈ ಕಸುಬಿನವರು ಬಜೆಟ್ಟಿನ ಲೆಕ್ಕದಲ್ಲೇ ಬರೆದುಕೊಂಡಿದ್ದರು. ಬಯಲಾಟದ ಕಿರೀಟದ ಹಿಂಬದಿಯನ್ನು ಚೌಕಿಯಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಲೋಕದವರು ಪ್ರಾಪ್‌ಗಳನ್ನು, ಅಂದರೆ ನಟರು ದೃಶ್ಯದಲ್ಲಿ ಬಳಸುವ ಸಾಮಾನುಗಳನ್ನು, ಜಾತಿ ಹಿಡಿದೇ ಮಾತನಾಡುತ್ತಾರೆ, ಆ ಮಾತು ನಿನಗೆ ತಿಳಿದಿರಬೇಕು. ಕ್ಯಾಮೆರಾ ತೀರ ಹತ್ತಿರ ಬಂದಾಗ ನಟನ ಕೈಯಲ್ಲಿರುವುದು ‘ಹೀರೋ ಪ್ರಾಪ್’. ಅದಕ್ಕೆ ತಿರುಗುವ ಗುಂಡಿ, ಉರಿಯುವ ದೀಪ ಇರುತ್ತವೆ. ದೂರದ ದೃಶ್ಯಗಳಿಗೆ ಮಾಡಿದ್ದು ಅದಕ್ಕಿಂತ ಸರಳ, ಬಿದ್ದು ಹೊರಳಾಡುವ ದೃಶ್ಯಕ್ಕೆ ಮಾಡಿದ ‘ಸ್ಟಂಟ್ ಪ್ರಾಪ್’ ಬರೀ ರಬ್ಬರ್ ಅಚ್ಚು. ಒಂದೇ ಪಿಸ್ತೂಲಿನ ಈ ಮೂರು ರೂಪಗಳ ನಡುವೆ ಬೆಲೆಯಲ್ಲಿ ಆಕಾಶ-ಭೂಮಿಯ ಅಂತರವಿದೆ. ಹಳೆಯ ‘ಸ್ಟಾರ್ ಟ್ರೆಕ್’ನಲ್ಲಿ ದೂರದವರೊಡನೆ ಮಾತನಾಡಲು ಬಳಸುತ್ತಿದ್ದ ಅಂಗೈಯಗಲದ ಕಮ್ಯುನಿಕೇಟರ್ ಮಾಡಿದವನು ವಾ ಚಾಂಗ್ ಎಂಬ ಚೀನೀ ಮೂಲದ ಅಮೆರಿಕನ್ ಶಿಲ್ಪಿ, ಯೌವನದಲ್ಲೇ ಪೋಲಿಯೋ ತಗುಲಿ ಕಾಲಿಗೆ ಲೋಹದ ಪಟ್ಟಿ ಕಟ್ಟಿಕೊಂಡು ನಡೆಯುತ್ತಿದ್ದವನು. ಚಿನ್ನದ ಬಣ್ಣದ ಜಾಲರಿ ಮುಚ್ಚಳವನ್ನು ತೆರೆದಾಗ ಒಳಗೆ ಅಲೆಯಲೆಯಾಗಿ ತಿರುಗುವ ಚಿತ್ತಾರವೊಂದು ಕಾಣುತ್ತಿತ್ತಲ್ಲ, ಅದನ್ನು ತಿರುಗಿಸುತ್ತಿದ್ದುದು ಕೀಲಿ ಕೊಡುವ ಸ್ಟಾಪ್‌ವಾಚು. ಅದೂ ಹೀರೋ ಪ್ರತಿಗಳಲ್ಲಿ ಮಾತ್ರ. ಚಾಂಗ್ ಪ್ರಾಪ್ ತಯಾರಕರ ಯೂನಿಯನ್ನಿನ ಸದಸ್ಯನಾಗಿರಲಿಲ್ಲವಾದ್ದರಿಂದ ಅವನು ಮಾಡಿದ್ದನ್ನು ಬಳಸುವುದಕ್ಕೇ ತಕರಾರು ಎದ್ದಿತು. ಅವನ ಹೆಸರು ಧಾರಾವಾಹಿಯಲ್ಲಿ ಬರಲೇ ಇಲ್ಲ. ಇಂಗ್ಲೆಂಡಿನಲ್ಲಿಯೂ ಇದೇ ಕಥೆ. ಅಲ್ಲಿನ ಬಿ.ಬಿ.ಸಿ.ಯ ವೈಜ್ಞಾನಿಕ ಕಥೆಗಳ ಧಾರಾವಾಹಿ ‘ಡಾಕ್ಟರ್ ಹೂ’ದಲ್ಲಿ ಬರುವ ಯಂತ್ರದ ಮೈಯ ಖಳ ಡಾಲೆಕ್‌ಗೆ 1963ರಲ್ಲಿ ರೂಪ ಕೊಟ್ಟ ರೇಮಂಡ್ ಕ್ಯೂಸಿಕ್ ಬಿ.ಬಿ.ಸಿ.ಯ ಸಂಬಳದ ನೌಕರನಾಗಿದ್ದ ಕಾರಣ, ಡಾಲೆಕ್ ಆಟಿಕೆಗಳು ಮನೆಮನೆಗೂ ಹೋದಾಗ ರಾಯಧನ ಲೇಖಕ ಟೆರಿ ನೇಷನ್‌ಗೆ ಸಂದಿತೇ ಹೊರತು ಅವನಿಗಲ್ಲ. ಹರಾಜಿನ ಸುತ್ತಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು ಈ ಇಬ್ಬರು.

ಇನ್ನು ಉಪ್ಪಿನ ಡಬ್ಬಿಯ ಕಥೆ ಹೇಳಲೇಬೇಕು. ದೇಹದ ಉಪ್ಪನ್ನೆಲ್ಲ ಹೀರುವ ಪ್ರಾಣಿಯೊಂದರ ಸಂಚಿಕೆಗಾಗಿ ಪ್ರಾಪ್ ವಿಭಾಗದವರು ಹೊಸ ಮಾದರಿಯ, ನೋಡಲು ವಿಚಿತ್ರವಾದ ಉಪ್ಪಿನ ಡಬ್ಬಿಗಳನ್ನು ಕೊಂಡು ತಂದರಂತೆ. ಅವು ಉಪ್ಪಿನ ಡಬ್ಬಿಗಳೆಂದು ನೋಡುಗರಿಗೆ ಗೊತ್ತಾಗುವುದೇ ಇಲ್ಲವೆಂದು ಎಲ್ಲರಿಗೂ ಅನ್ನಿಸಿದಾಗ, ಅವನ್ನು ನೌಕೆಯ ವೈದ್ಯ ಡಾಕ್ಟರ್ ಮೆಕಾಯ್‌ನ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನಾಗಿ ಮಾಡಿಬಿಟ್ಟರು. ಈಗ ಯೋಚಿಸು: ಅದೇ ಅಂಗಡಿಯಿಂದ ಅದೇ ವರ್ಷ ಯಾವುದೋ ಗೃಹಿಣಿ ಊಟದ ಮೇಜಿಗೆಂದು ಕೊಂಡ ಡಬ್ಬಿಗೂ ಮೆಕಾಯ್ ಕೈಯಲ್ಲಿ ಹಿಡಿದ ಡಬ್ಬಿಗೂ ವಸ್ತುವಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಇರುವ ವ್ಯತ್ಯಾಸವೆಲ್ಲ ಅದರ ಜೊತೆಗೆ ಬಂದ ಕಾಗದದಲ್ಲಿ, ಅದು ಯಾರ ಕೈಯಿಂದ ಯಾರ ಕೈಗೆ ಬಂತೆಂಬ ವಂಶಾವಳಿಯಲ್ಲಿದೆ. ಹರಾಜಿನವರು ‘ಪ್ರಾವೆನೆನ್ಸ್’ ಎಂದು ಕರೆಯುವುದು ಇದನ್ನೇ, ನೀನು ಹಣ ಕೊಡುವುದೂ ಬಹುಪಾಲು ಇದಕ್ಕೇ.

2006ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಸಂಸ್ಥೆ ‘ಸ್ಟಾರ್ ಟ್ರೆಕ್’ನ ನಲವತ್ತು ವರ್ಷಗಳ ನೆಪದಲ್ಲಿ ಸ್ಟುಡಿಯೋದ ಉಗ್ರಾಣದಲ್ಲಿದ್ದ ಸಾಮಾನುಗಳನ್ನು ಸಾವಿರಕ್ಕೂ ಹೆಚ್ಚು ಲಾಟುಗಳಾಗಿ (ಒಂದೊಂದು ಬಿಡ್ಡಿಗೆ ಒಂದೊಂದು ಕಟ್ಟು) ಮೂರು ದಿನ ಹರಾಜು ಹಾಕಿತು. ಒಟ್ಟು 70 ಲಕ್ಷ ಡಾಲರಿಗಿಂತ ಹೆಚ್ಚು ಬಂತು. ‘ನೆಕ್ಸ್ಟ್ ಜನರೇಷನ್’ಗಾಗಿ ಮಾಡಿದ, ಆರೂವರೆ ಅಡಿ ಉದ್ದದ ಎಂಟರ್‌ಪ್ರೈಸ್-ಡಿ ಮಾದರಿಗೆ ಅವರು ಅಂದಾಜಿಸಿದ್ದು 25,000ದಿಂದ 35,000 ಡಾಲರ್, ಅದು ಹೋದದ್ದು 5,76,000 ಡಾಲರಿಗೆ. ಈ ಅಂಕಿಯನ್ನು ಬಿಡಿಸಿ ನೋಡಿದರೆ ನಿನಗೆ ಉಪಯೋಗವಾಗುತ್ತದೆ. ಸುತ್ತಿಗೆ ಬಿದ್ದದ್ದು 5,00,000 ಡಾಲರಿಗೆ. ಮೊದಲ 2,00,000ಕ್ಕೆ ಶೇಕಡಾ 20, ಉಳಿದದ್ದಕ್ಕೆ ಶೇಕಡಾ 12ರಂತೆ ಕೊಳ್ಳುವವನೇ ಹರಾಜು ಸಂಸ್ಥೆಗೆ ಕೊಡಬೇಕಾದ ‘ಬಯರ್ಸ್ ಪ್ರೀಮಿಯಂ’ 76,000 ಡಾಲರ್. ಈಗ ಎಷ್ಟೋ ಸಂಸ್ಥೆಗಳಲ್ಲಿ ಈ ಪ್ರೀಮಿಯಂ ಸುತ್ತಿಗೆ ಬಿದ್ದ ಬೆಲೆಯ ಕಾಲುಭಾಗವನ್ನು ಮುಟ್ಟಿದೆ. ಹಾಗಾಗಿ ನಿನ್ನ ಮನಸ್ಸಿನಲ್ಲಿ ಒಂದು ಸಾವಿರ ಡಾಲರ್ ಇದ್ದರೆ, ಕೈ ಎತ್ತುವುದು ಎಂಟುನೂರಕ್ಕೇ ನಿಲ್ಲಬೇಕು. ತೆರಿಗೆ, ಸಾಗಣೆ ಬೇರೆ.

ಅದೇ ಹರಾಜಿನಲ್ಲಿ ಒಬ್ಬ, ‘ನೆಕ್ಸ್ಟ್ ಜನರೇಷನ್’ನ ಯಂತ್ರಮಾನವ ಡೇಟಾ ಇಸ್ಪೀಟಿನ ಪೋಕರ್ ಆಡುವಾಗ ಹಾಕಿಕೊಳ್ಳುತ್ತಿದ್ದ ಹಣೆಮರೆಯನ್ನು ಸುಮಾರು 6,000 ಡಾಲರಿಗೆ ಕೊಂಡ. ಅಭಿಮಾನಿಗಳ ಸಮಾವೇಶವೊಂದಕ್ಕೆ ಅದನ್ನು ಒಯ್ದು ಡೇಟಾ ಪಾತ್ರಧಾರಿ ಬ್ರೆಂಟ್ ಸ್ಪೈನರ್‌ನ ಸಹಿ ಕೇಳಿದಾಗ, ಇದು ತಾನು ಹಾಕಿಕೊಂಡದ್ದಲ್ಲವೆಂದು ಆತ ಹೇಳಿದನೆಂದು ಕೊಂಡವನು ನ್ಯಾಯಾಲಯದ ಮೆಟ್ಟಿಲು ಹತ್ತಿದ. ಸರದಿಯಲ್ಲಿ ನಿಂತು, ನೆಚ್ಚಿನ ನಟನ ಮೇಜಿನ ಮುಂದೆ ಆ ಹಸಿರು ವಸ್ತುವನ್ನಿಟ್ಟು ಕೈಕಟ್ಟಿ ಕಾದ ಆ ಕ್ಷಣವನ್ನು ನೆನೆದರೆ ನನಗೇ ಮುಖ ಬೆಚ್ಚಗಾಗುತ್ತದೆ.

ಇಂಥ ಅನುಮಾನಗಳಿಗೆ ಮದ್ದೆಂದು ಬೆಳೆದುಬಂದದ್ದು ‘ಸ್ಕ್ರೀನ್ ಮ್ಯಾಚಿಂಗ್’. ಸಂಚಿಕೆಯ ಒಂದೊಂದು ಚೌಕಟ್ಟನ್ನೂ ನಿಲ್ಲಿಸಿ, ವಸ್ತುವಿನ ಮೇಲಿನ ಗೀರು, ಬಣ್ಣ ಇಳಿದ ಗೆರೆ, ಹೊಲಿಗೆಯ ಓರೆಯನ್ನು ಪರದೆಯ ಮೇಲಿನದರೊಂದಿಗೆ ತಾಳೆ ನೋಡುವುದು, ಜ್ಯೋತಿಷಿ ಅಂಗೈ ನೋಡಿದಂತೆ. ಮಾಡುವವನು ಕಾಣಬಾರದೆಂದು ಮರೆಮಾಚಿದ ತಪ್ಪೇ ಇಲ್ಲಿ ಸಾಕ್ಷಿ. ‘ಡಾಕ್ಟರ್ ಹೂ’ ವಿಷಯದಲ್ಲಿ ಈ ಮದ್ದೂ ಕೆಲವೊಮ್ಮೆ ಸಿಕ್ಕುವುದಿಲ್ಲ: ಬಿ.ಬಿ.ಸಿ. ಟೇಪುಗಳನ್ನು ಅಳಿಸಿ ಮರುಬಳಸಿದ್ದರಿಂದ 1960ರ ದಶಕದ 90ಕ್ಕೂ ಹೆಚ್ಚು ಸಂಚಿಕೆಗಳು ಇಂದಿಗೂ ಇಲ್ಲ. ಆಗ ಉಳಿದಿರುವುದು ಜಾನ್ ಕ್ಯುರಾ ಎಂಬ ಛಾಯಾಗ್ರಾಹಕ ಪ್ರಸಾರದ ವೇಳೆ ಟಿ.ವಿ. ಪರದೆಯಿಂದಲೇ ತೆಗೆದು ನಟರಿಗೂ ನಿರ್ದೇಶಕರಿಗೂ ಮಾರುತ್ತಿದ್ದ ಪುಟ್ಟ ಚಿತ್ರಗಳು. ಧಾರಾವಾಹಿಯೇ ಹೋಗಿ, ಅದರಲ್ಲಿ ಯಾರೋ ತೊಟ್ಟ ಅಂಗಿ ಉಳಿದುಕೊಳ್ಳುವುದು ಎಂಥ ವಿಚಿತ್ರ!

ಉಳಿಯುವ ಬಗೆಯೂ ವಿಚಿತ್ರವೇ. ಎಂಟರ್‌ಪ್ರೈಸಿನ ಮೊದಲ, ಮೂರಡಿಯ ಮಾದರಿ ‘ಸ್ಟಾರ್ ಟ್ರೆಕ್’ ಹುಟ್ಟುಹಾಕಿದ ಜೀನ್ ರಾಡೆನ್‌ಬೆರಿಯ ಮೇಜಿನ ಮೇಲಿತ್ತು. 1979ರ ‘ಸ್ಟಾರ್ ಟ್ರೆಕ್’ ಚಲನಚಿತ್ರದ ತಯಾರಿಯ ಕಾಲದಲ್ಲಿ ಎರವಲು ಹೋದದ್ದು ಮರಳಿ ಬರಲಿಲ್ಲ. ಸುಮಾರು ನಲವತ್ತೈದು ವರ್ಷಗಳ ಮೇಲೆ, 2023ರಲ್ಲಿ, ಯಾರೋ ಅದನ್ನು ಇ-ಬೇಯಲ್ಲಿ 1,000 ಡಾಲರ್ ಆರಂಭಿಕ ಬೆಲೆಗೆ ಮಾರಾಟಕ್ಕಿಟ್ಟಿದ್ದರು! ಗುರುತು ಹಿಡಿದವರು ಗದ್ದಲವೆಬ್ಬಿಸಿದರು, ಹೆರಿಟೇಜ್ ಹರಾಜು ಸಂಸ್ಥೆ ನಡುವೆ ಬಂತು, 2024ರ ಏಪ್ರಿಲ್‌ನಲ್ಲಿ ಅದು ರಾಡೆನ್‌ಬೆರಿಯ ಮಗನ ಕೈ ಸೇರಿತು. ಇನ್ನೊಂದು ಕಡೆ, ಎಂಟರ್‌ಪ್ರೈಸ್-ಡಿ ಮಾದರಿಯನ್ನು ಕಟ್ಟಿದವರಲ್ಲೊಬ್ಬನಾದ ಗ್ರೆಗ್ ಜೈನ್ 2022ರಲ್ಲಿ ತೀರಿಕೊಂಡ ಮೇಲೆ ಅವನ ಸಂಗ್ರಹವನ್ನು ತೆಗೆದು ನೋಡಿದ ಸ್ನೇಹಿತರಿಗೆ, ರಟ್ಟಿನ ಪೆಟ್ಟಿಗೆಯೊಂದರ ಪ್ಯಾಕಿಂಗ್ ಚೂರುಗಳ ನಡುವೆ ‘ಸ್ಟಾರ್ ವಾರ್ಸ್’ನ ಎಕ್ಸ್-ವಿಂಗ್ ವಿಮಾನದ ಮೂಲ ಮಾದರಿ ಸಿಕ್ಕಿತು, 2023ರ ಅಕ್ಟೋಬರಿನ ಹರಾಜಿನಲ್ಲಿ ಅದು 30 ಲಕ್ಷ ಡಾಲರನ್ನು ದಾಟಿತು. ಅದು ಸಿನಿಮಾದ್ದು, ನಮ್ಮ ಟಿ.ವಿ.ಯದಲ್ಲ, ಆದರೂ ಆ ಪೆಟ್ಟಿಗೆಯ ಚಿತ್ರ ನನ್ನ ಕಣ್ಣಿನಿಂದ ಹೋಗುವುದಿಲ್ಲ. ನನ್ನ ಅಟ್ಟದ ಮೇಲೂ ಇಂಥ ಪೆಟ್ಟಿಗೆಗಳಿವೆ. ಅವುಗಳಲ್ಲಿರುವುದು ಗೆದ್ದಲು ಹಿಡಿದ ಎರಡು ಗದೆ ಮಾತ್ರ.

ಈಗ ನಿನ್ನ ಸಮವಸ್ತ್ರಕ್ಕೆ ಬರುತ್ತೇನೆ. ‘ನೆಕ್ಸ್ಟ್ ಜನರೇಷನ್’ನ ಮೊದಲೆರಡು ವರ್ಷ ಮೈಗಂಟುವ ಸ್ಪ್ಯಾಂಡೆಕ್ಸ್ ಉಡುಪಿತ್ತು, ನಟರಿಗೆ ಬೆನ್ನು ನೋವು ಬರಿಸುವಷ್ಟು ಬಿಗಿ. ಮೂರನೆಯ ವರ್ಷದಲ್ಲಿ ವಸ್ತ್ರವಿನ್ಯಾಸಕ ರಾಬರ್ಟ್ ಬ್ಲ್ಯಾಕ್‌ಮನ್ ಬಂದು ಉಣ್ಣೆಯ ಬಟ್ಟೆಗೆ ಬದಲಿಸಿ, ಅಂಗಿ ಮತ್ತು ಪ್ಯಾಂಟನ್ನು ಬೇರೆ ಮಾಡಿದ. ಕ್ಯಾಪ್ಟನ್ ಪಾತ್ರದ ಪ್ಯಾಟ್ರಿಕ್ ಸ್ಟುವರ್ಟ್ ಕುರ್ಚಿಯಿಂದ ಏಳುವಾಗಲೆಲ್ಲ ಅಂಗಿಯನ್ನು ಕೆಳಕ್ಕೆ ಜಗ್ಗುತ್ತಿದ್ದುದು ಆ ಎರಡು ತುಂಡಿನ ಉಡುಪಿನ ಫಲವೇ. ಕ್ಯಾಟಲಾಗಿನ ಚಿತ್ರದಲ್ಲಿ ಕಾಣುವುದು ಉಣ್ಣೆಯದು, ಅದು ಒಳ್ಳೆಯದು: ಉಣ್ಣೆ ಬಾಳುತ್ತದೆ, ನುಸಿಗೆ ಹೆದರಿದರೆ ಸಾಕು. ರಬ್ಬರಿನ ಮುಖವಾಡ, ಸ್ಪಂಜಿನ ಕೊಂಬುಗಳನ್ನಾದರೆ ನಾನು ಬೇಡವೆಂದೇ ಹೇಳುತ್ತಿದ್ದೆ. ಅವು ಗಾಜಿನ ಪೆಟ್ಟಿಗೆಯಲ್ಲಿಟ್ಟರೂ ತಾವಾಗಿಯೇ ಪುಡಿಯಾಗುತ್ತವೆ.

ಆದರೆ ವಿವರಣೆಯ ಪದಗಳನ್ನು ಇನ್ನೊಮ್ಮೆ ಓದು. ‘ಸ್ಕ್ರೀನ್ ಯೂಸ್ಡ್’ ಎಂದು ಅವರು ಎಲ್ಲಿಯೂ ಬರೆದಿಲ್ಲ, ‘ಪ್ರೊಡಕ್ಷನ್ ಮೇಡ್’ ಎಂದಿದ್ದಾರೆ. ಧಾರಾವಾಹಿಗಾಗಿ ಹೊಲಿದದ್ದು ನಿಜ, ಕ್ಯಾಮೆರಾದ ಮುಂದೆ ಬಂದಿತೋ ಇಲ್ಲವೋ ಎಂಬುದಕ್ಕೆ ಅವರು ಜವಾಬ್ದಾರರಲ್ಲ ಎಂದು ಅದರ ಅರ್ಥ. ನನಗೆ ಅದು ದೋಷವೆನ್ನಿಸುವುದಿಲ್ಲ, ಬೆಲೆ ಅದಕ್ಕೆ ತಕ್ಕಂತಿದ್ದರೆ. ಹಿನ್ನೆಲೆಯಲ್ಲಿ ಸುಮ್ಮನೆ ನಡೆದುಹೋಗುವ ನಟರ ಉಡುಪುಗಳನ್ನು ಮುಂದಿನ ವಾರ ಇನ್ನೊಬ್ಬರಿಗೆಂದು ಬಿಚ್ಚಿ ಹೊಲಿಯುತ್ತಿದ್ದರು. ಅಂಥ ಅಂಗಿಯ ಕೊರಳಪಟ್ಟಿಯ ಒಳಗೆ ಒಂದು ಹೆಸರನ್ನು ಹೊಡೆದು ಇನ್ನೊಂದನ್ನು ಬರೆದಿರುತ್ತಾರೆ, ಪಕ್ಕದ ಹೊಲಿಗೆಯಲ್ಲಿ ಹಳೆಯ ಸೂಜಿತೂತುಗಳ ಸಾಲು ಉಳಿದಿರುತ್ತದೆ. ತೂತಿದ್ದ ಅಂಗಿ ದುಡಿದ ಅಂಗಿ. ಅಚ್ಚುಕಟ್ಟಾಗಿ, ಒಂದೂ ಕಲೆಯಿಲ್ಲದೆ, ಎರಡೂ ಮೈ ಒಂದೇ ಸಮ ನುಣುಪಾಗಿದ್ದರೆ ಅದು ಅಭಿಮಾನಿಯೊಬ್ಬ ಮನೆಯಲ್ಲಿ ಹೊಲಿಸಿಕೊಂಡದ್ದೂ ಆಗಿರಬಹುದು.

ಆದ್ದರಿಂದ ಬಿಡ್ ಹಾಕುವ ಮೊದಲು ಆ ಸಂಸ್ಥೆಗೆ ಬರೆದು ಮೂರು ಫೋಟೋ ತರಿಸು: ಅಂಗಿಯನ್ನು ಒಳಹೊರಗು ಮಾಡಿ ಕೊರಳಪಟ್ಟಿಯದೊಂದು, ಕಂಕುಳಿನ ಹೊಲಿಗೆಯದೊಂದು, ಜಿಪ್ಪಿನ ಹಿಂಬದಿಯದೊಂದು. ಫ್ಲ್ಯಾಶ್ ಹಾಕದೆ ಕಿಟಕಿಯ ಬೆಳಕಿನಲ್ಲಿ ತೆಗೆಯಲು ಹೇಳು, ನಿಜವಾದ ಬಣ್ಣ ಯಾವುದೆಂದು ಈ ಸಲವಾದರೂ ಮೊದಲೇ ನೋಡಿಬಿಡೋಣ. ಫೋಟೋ ಬಂದ ದಿನವೇ ನನಗೆ ಕಳುಹಿಸು. ಹರಾಜು ಅಲ್ಲಿನ ಭಾನುವಾರ ಬೆಳಿಗ್ಗೆ ಎಂದಿದ್ದೀಯ, ಇಲ್ಲಿ ಆಗ ರಾತ್ರಿಯಾಗಿರುತ್ತದೆ, ನಾನು ಎದ್ದಿರುತ್ತೇನೆ.

ಇಂತಿ ನಿನ್ನ,
ಚಾಪೆಯ ಮೇಲಿನ ಗೆಳೆಯ