ಪರದೆ ಏರಿಸಿದವರಿಗೆ

ಕಳೆದ ಭಾನುವಾರ ಬೆಳಗ್ಗೆ ಹುಬ್ಬಳ್ಳಿಯ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ ದೀಪಗಳು ಆರಿದವು. ಪರದೆಯ ಮೇಲೆ ಏನೂ ಮೂಡಲಿಲ್ಲ. ದೂರದಿಂದ ಜೇನುಹುಳುಗಳ ಹಿಂಡು ಬರುತ್ತಿರುವಂತೆ ಒಂದು ಸಂಗೀತ ಮಾತ್ರ ಕತ್ತಲೆಯನ್ನು ತುಂಬತೊಡಗಿತು. ‘2001: ಎ ಸ್ಪೇಸ್ ಒಡಿಸ್ಸಿ’ ಎಂಬ ಇಂಗ್ಲಿಷ್ ಚಿತ್ರ ಹೀಗೆಯೇ ಆರಂಭವಾಗುತ್ತದೆ, ಸುಮಾರು ಮೂರು ನಿಮಿಷ ಬರೀ ಕಪ್ಪು ಪರದೆ, ಬರೀ ಲಿಗೆಟಿ ಎಂಬ ಸಂಯೋಜಕನ ಸಂಗೀತ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಎದೆ ಧಸಕ್ಕೆಂದಿತು. ಕೈ ತಾನಾಗಿಯೇ ಎಡಗಣ್ಣಿನತ್ತ ಹೋಯಿತು.

ಸರಿಯಾಗಿ ಒಂದು ವರ್ಷದ ಹಿಂದೆ ಆ ಕಣ್ಣಿನೊಳಗೆ ಪರದೆಯೊಂದು ಇಳಿದಿತ್ತು. ಅದನ್ನು ಏರಿಸಿದವರು ಹಲವರು. ಅವರಿಗೆ ಒಬ್ಬೊಬ್ಬರಾಗಿ ಮನೆಗೆ ಹೋಗಿ ಕೈಮುಗಿದದ್ದಾಗಿದೆ. ಆದರೂ ನಾಲ್ಕು ಜನರ ಎದುರು ಹೇಳದೆ ಈ ಋಣ ಹಗುರಾಗದು ಎನ್ನಿಸಿ ಬರೆಯುತ್ತಿದ್ದೇನೆ.

ಮೊದಲು ಕಂಡದ್ದು ಮಿಂಚು. ಕತ್ತಲೆಯಲ್ಲಿ ತಲೆ ಹೊರಳಿಸಿದರೆ ಎಡಗಣ್ಣಿನ ಅಂಚಿನಲ್ಲಿ ಬೆಳ್ಳಿಗೆರೆಯೊಂದು ಛಕ್ಕನೆ ಹೊಳೆದು ಮಾಯವಾಗುತ್ತಿತ್ತು. ಎರಡು ದಿನಕ್ಕೆ ಮಸಿ ಉದುರಿದಂತೆ ಕರಿ ಚುಕ್ಕೆಗಳು. ಮೂರನೆಯ ದಿನ ಮೂಗಿನ ಕಡೆಯಿಂದ ಬೂದುಬಣ್ಣದ ಪರದೆ ಸರಿಯತೊಡಗಿತು. ವಯಸ್ಸಾಯಿತು, ಪೊರೆ ಬಂದಿರಬೇಕು, ಹಬ್ಬ ಮುಗಿಯಲಿ ನೋಡೋಣ ಎಂದರು ಸುತ್ತಲಿನವರು. ನಾನೂ ನಂಬಿದೆ. ಕನ್ನಡಕದ ಕಡ್ಡಿ ಸರಿಮಾಡಿಸಲು ಗದಗಿನ ಒಂದು ಅಂಗಡಿಗೆ ಹೋಗಿದ್ದಾಗ ಮಾತಿಗೆ ಮಾತು ಬಂದು ಈ ಮಿಂಚಿನ ಸಂಗತಿ ಹೇಳಿದೆ. ಅಲ್ಲಿ ಕೆಲಸ ಮಾಡುವ ಹುಡುಗ ಕೈಲಿದ್ದ ತಿರುಪುಳಿಯನ್ನು ಕೆಳಗಿಟ್ಟ. “ಸರ್, ಇದು ಪೊರೆಯಲ್ಲ. ಇವತ್ತೇ ಹುಬ್ಬಳ್ಳಿಗೆ ಹೋಗಿರಿ, ನಾಳೆ ಬೇಡ” ಎಂದ. ಕನ್ನಡಕದ ಹಣ ಕೂಡ ತೆಗೆದುಕೊಳ್ಳಲಿಲ್ಲ, ರೈಲು ತಪ್ಪಿದರೆ ಬಸ್ಸಿಗೆ ಹೋಗಿ ಎಂದು ಬಾಗಿಲವರೆಗೆ ಬಂದು ಹೇಳಿದ. ಮೊದಲ ಋಣ ಆ ಹುಡುಗನದು.

ಅವನು ಹೇಳಿದ್ದು ಎಷ್ಟು ದೊಡ್ಡ ಮಾತು ಎಂಬುದು ಆಸ್ಪತ್ರೆಯಲ್ಲಿ ತಿಳಿಯಿತು. ಪೊರೆ ತಿಂಗಳುಗಟ್ಟಲೆ ಕಾಯುತ್ತದೆ. ಕಣ್ಣಿನ ಹಿಂಗೋಡೆಯಿಂದ ಕಿತ್ತುಬಂದ ಅಕ್ಷಿಪಟಲ (ರೆಟಿನಾ) ಕಾಯುವುದಿಲ್ಲ. ಅದರ ನಡುಭಾಗ ಬಿಟ್ಟುಕೊಂಡರೆ, ಮತ್ತೆ ಅಂಟಿಸಿದರೂ ಮೊದಲಿನ ನೋಟ ಪೂರ್ತಿ ಮರಳುವುದು ಕಷ್ಟ. ನನ್ನಂತೆ ಚಿಕ್ಕಂದಿನಿಂದ ದಪ್ಪ ಕನ್ನಡಕ ಹಾಕಿಕೊಂಡ ಸಮೀಪದೃಷ್ಟಿಯವರಲ್ಲಿ ಈ ಅಪಾಯ ಹೆಚ್ಚಂತೆ. ಓದುತ್ತಿರುವವರಲ್ಲಿ ಯಾರಿಗಾದರೂ ಮಿಂಚು, ಮಸಿಚುಕ್ಕೆ, ಸರಿಯುವ ಪರದೆ ಕಂಡರೆ ದಯವಿಟ್ಟು ಹಬ್ಬ ಮುಗಿಯಲಿ ಎನ್ನಬೇಡಿ.

ನನ್ನ ವೈದ್ಯರು ಮಿತಭಾಷಿ. ಕೇಳಿದ ಪ್ರಶ್ನೆಗೆಲ್ಲ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ಉತ್ತರಿಸುತ್ತಿದ್ದರು. ಕಣ್ಣಿನೊಳಗಿನ ಲೋಳೆಯನ್ನು ತೆಗೆದು, ಹರಿದಲ್ಲಿ ಲೇಸರ್‌ನಿಂದ ಬೆಸೆದು, ಅಕ್ಷಿಪಟಲವನ್ನು ಗೋಡೆಗೆ ಒತ್ತಿಹಿಡಿಯಲು ಅನಿಲದ ಗುಳ್ಳೆ ತುಂಬಿದರು. ಗುಳ್ಳೆಯ ಸ್ವಭಾವ ಮೇಲಕ್ಕೇರುವುದು. ಅದು ಹಿಂಗೋಡೆಯನ್ನು ಒತ್ತಬೇಕಾದರೆ ಮುಖ ನೆಲವನ್ನೇ ನೋಡುತ್ತಿರಬೇಕು, ಹಗಲೂ ರಾತ್ರಿ, ಎರಡು ವಾರ. ಗುಳ್ಳೆ ಕರಗುವವರೆಗೆ ವಿಮಾನ ಹತ್ತುವಂತಿಲ್ಲ, ಎತ್ತರಕ್ಕೆ ಹೋದಂತೆ ಅದು ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ ಎಂದರು. ಇಪ್ಪತ್ತೊಂಬತ್ತು ವರ್ಷ ಗದಗಿನ ಒಂದು ಪ್ರೌಢಶಾಲೆಯಲ್ಲಿ, ಒತ್ತಡ ತಗ್ಗಿದಂತೆ ಅನಿಲ ಹಿಗ್ಗುತ್ತದೆ ಎನ್ನುವ ಬಾಯ್ಲ್‌ನ ನಿಯಮ ಕಲಿಸಿದವನು ನಾನು. ಅದು ನನ್ನ ಕಣ್ಣಿನೊಳಗೇ ಬಂದು ಕುಳಿತಿತ್ತು.

ಮೊದಲ ಐದು ದಿನ ವಿದ್ಯಾನಗರದಲ್ಲಿ ಹೆಂಡತಿಯ ತಂಗಿಯ ಮನೆಯಲ್ಲಿದ್ದೆ. ಬೋರಲು ಮಲಗಿ, ಮೇಜಿಗೆ ಹಣೆಯೂರಿ ಕುಳಿತು, ನೆಲದ ಹಾಸುಗಲ್ಲಿನ ಗೆರೆಗಳೆಲ್ಲ ಬಾಯಿಪಾಠವಾದವು. ನೋಡಲು ಬಂದವರ ಪಾದಗಳು ಮಾತ್ರ ಕಾಣುತ್ತಿದ್ದವು. ಮೂರನೆಯ ದಿನ ಆ ಮನೆಯ ಮೊಮ್ಮಗಳು, ಎಂಟು ವರ್ಷದವಳು, ಮಂಚದ ಕೆಳಗೆ ಚಾಪೆ ಹಾಸಿಕೊಂಡು ಅಂಗಾತ ಮಲಗಿ, “ಅಜ್ಜಾ, ಈಗ ನನ್ನ ಮುಖ ಕಾಣುತ್ತದೆಯೇ?” ಎಂದಳು. ಅಂದಿನಿಂದ ಬಂದವರೆಲ್ಲ ಹಾಗೆಯೇ ನೆಲಕ್ಕೆ ಮಲಗಿ ನನ್ನೊಡನೆ ಮಾತಾಡಿದರು. ಎಪ್ಪತ್ತು ದಾಟಿದ ನನ್ನ ಅಕ್ಕ ಕೂಡ. ಅಕ್ಕನನ್ನು ಆ ಚಾಪೆಯಿಂದ ಎಬ್ಬಿಸಲು ಇಬ್ಬರು ಬೇಕಾಗಿತ್ತು. ಮರುದಿನವೂ ಬಂದಳು.

ನನ್ನ ಗೆಳೆಯರಾದ ಗವಾಯಿಗಳಿಗೆ ಮಾತ್ರ ಚಾಪೆಯ ಅಗತ್ಯ ಬೀಳಲಿಲ್ಲ. ಅವರು ಹುಟ್ಟಿನಿಂದ ಅಂಧರು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಕಲಿತವರು. ಪಕ್ಕದಲ್ಲಿ ಕುಳಿತು, ನನ್ನ ಬೆನ್ನಿನ ಮೇಲೆ ಕೈಯಿಟ್ಟು ಮೆಲ್ಲಗೆ ಭೀಮಪಲಾಸಿ ರಾಗ ಹಾಡುತ್ತಿದ್ದರು. ಕಣ್ಣು ಹೋದರೆ ಏನು ಗತಿ ಎಂದು ನಾನು ಅವರ ಮುಂದೆಯೇ ಅತ್ತದ್ದುಂಟು. ಅವರು ಸಮಾಧಾನದ ಮಾತು ಹೇಳಲಿಲ್ಲ, ಬೇಸರವನ್ನೂ ಪಡಲಿಲ್ಲ. ಆರನೆಯ ದಿನ ನನ್ನನ್ನು ರೈಲಿನಲ್ಲಿ ಗದಗಿಗೆ ಕರೆತಂದಾಗ ಜೊತೆಗಿದ್ದರು. ನಾನು ಬೋಗಿಯ ನೆಲ ನೋಡುತ್ತಿದ್ದೆ, ಅವರು ಊರು ಬಂದಂತೆಲ್ಲ ಹೇಳುತ್ತಿದ್ದರು. ಹಳಿಯ ಸದ್ದು ಬದಲಾಗುವುದನ್ನು ಕೇಳಿ, “ಮಾಸ್ತರರೇ, ಅಣ್ಣಿಗೇರಿ ಬಂತು” ಎಂದರು. ಬಂದಿತ್ತು.

ಗುಳ್ಳೆ ಕರಗತೊಡಗಿದಾಗ ನೋಟ ಮೇಲಿನಿಂದ ತಿಳಿಯಾಗುತ್ತ ಬಂತು. ಅಕ್ಷಿಪಟಲದ ಮೇಲೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ, ಮೇಲೆ ತೇಲುವ ಗುಳ್ಳೆ ನಮಗೆ ಕೆಳಗೆ ಕಾಣುತ್ತದೆ. ಮೊದಲು ಹೊಯ್ದಾಡುವ ಒಂದು ದಿಗಂತ, ಆಮೇಲೆ ನೋಟದ ತಳದಲ್ಲಿ ತೂಗುವ ಕಪ್ಪು ಗೋಲ. ಆ ಗೋಲವನ್ನು ನೋಡಿದಾಗಲೆಲ್ಲ, ಸೂರ್ಯ, ಭೂಮಿ, ಚಂದ್ರ ಒಂದೇ ಸಾಲಿಗೆ ಬರುವ ‘2001’ ಚಿತ್ರದ ಮೊದಲ ದೃಶ್ಯ ನೆನಪಾಗುತ್ತಿತ್ತು. ಅದನ್ನು ನಾನು ಟಿ.ವಿ.ಯಲ್ಲಿ, ಆಮೇಲೆ ಮೊಬೈಲ್‌ನಲ್ಲಿ ನೋಡಿದ್ದೆ. ದೊಡ್ಡ ಪರದೆಯ ಮೇಲೆ ಒಮ್ಮೆ ನೋಡಬೇಕಿತ್ತು ಎಂದು ಹಳೆಯ ವಿದ್ಯಾರ್ಥಿಯೊಬ್ಬನ ಹತ್ತಿರ ಹೇಳಿದ್ದೆ, ಅಷ್ಟೆ. ಅವನು ಅದನ್ನು ಮರೆಯಲಿಲ್ಲ. ಯಾರು ಯಾರಿಗೋ ಪತ್ರ ಬರೆದು, ಅನುಮತಿ ತಂದು, ಹಳೆಯ ಸಹಪಾಠಿಗಳಿಂದ ಹಣ ಕೂಡಿಸಿ, ಬೆಳಗಿನ ಒಂದು ಆಟವನ್ನು ಗೊತ್ತುಮಾಡಿದ. ನಲವತ್ತೊಂದು ಜನ ಬಂದಿದ್ದರು. ನನ್ನ ವೈದ್ಯರೂ.

ಕಪ್ಪು ಪರದೆಯ ಆ ಮೂರು ನಿಮಿಷದಲ್ಲಿ ಯಾರೋ ಎದ್ದುಹೋಗಿ ಪ್ರೊಜೆಕ್ಟರ್ ಕೆಟ್ಟಿದೆ ಎಂದರಂತೆ. ಆಪರೇಟರ್ ದೀಪ ಹಾಕಲಿಲ್ಲ. ಹಿಂದಿನ ದಿನವೇ ಚಿತ್ರವನ್ನು ಪೂರ್ತಿ ನೋಡಿ, ಕತ್ತಲೆ ಎಲ್ಲಿ, ವಿರಾಮ ಎಲ್ಲಿ ಎಂದು ಗುರುತು ಹಾಕಿಟ್ಟುಕೊಂಡಿದ್ದರು. ಆ ಕತ್ತಲೆಯನ್ನು ಉಳಿಸಿಕೊಟ್ಟದ್ದಕ್ಕೆ ಅವರಿಗೆ ವಿಶೇಷ ವಂದನೆ. ಅದಿಲ್ಲದಿದ್ದರೆ ಆಮೇಲೆ ಬಂದ ಸೂರ್ಯೋದಯ ಅಷ್ಟು ದೊಡ್ಡದಾಗುತ್ತಿರಲಿಲ್ಲ.

ನಾನು ಬಲಗಣ್ಣು ಮುಚ್ಚಿಕೊಂಡು ನೋಡಿದೆ.

ಆದಿಮಾನವರ ಭಾಗದಲ್ಲಿ ಒಂದು ಚಿರತೆ ತಿರುಗಿ ನೋಡುತ್ತದೆ, ಅದರ ಕಣ್ಣುಗಳು ದೀಪದಂತೆ ಉರಿಯುತ್ತವೆ. ಆ ಮರುಭೂಮಿಯನ್ನು ಇಂಗ್ಲೆಂಡಿನ ಸ್ಟುಡಿಯೋದೊಳಗೆ ಚಿತ್ರಿಸಿದ್ದರು. ಆಫ್ರಿಕಾದಲ್ಲಿ ತೆಗೆದ ಚಿತ್ರಗಳನ್ನು ಕ್ಯಾಮೆರಾದ ದಿಕ್ಕಿನಿಂದಲೇ, ಬೆಳಕನ್ನು ಹಿಂದಿರುಗಿಸುವ ಭಾರಿ ಪರದೆಯೊಂದರ ಮೇಲೆ ಬಿಡುತ್ತಿದ್ದರು. ಆ ಬೆಳಕು ಚಿರತೆಯ ಕಣ್ಣಿನೊಳಗೆ ಹೊಕ್ಕು ನೇರ ಕ್ಯಾಮೆರಾಕ್ಕೆ ಮರಳಿತು. ವೈದ್ಯರು ಹಣೆಗೆ ದೀಪ ಕಟ್ಟಿಕೊಂಡು ನನ್ನ ಕಣ್ಣಿನೊಳಗೆ ಇಣುಕುತ್ತಿದ್ದುದೂ ಇದೇ ದಾರಿಯಲ್ಲಿ. ಎರಡು ಸಾಲು ಮುಂದೆ ಕುಳಿತಿದ್ದ ಅವರ ತಲೆ ಆಗ ತುಸು ಮುಂದಕ್ಕೆ ಬಾಗಿದ್ದನ್ನು ಕಂಡೆ.

ಕರಿಯ ಶಿಲಾಫಲಕ ನಿಂತಿತು. ನೆಟ್ಟಗೆ, ಕತ್ತರಿಸಿಟ್ಟಂತೆ. ನನ್ನ ಎಡಗಣ್ಣಿಗೆ ಅದರ ಒಂದು ಅಂಚು ನಡುವೆ ಕೊಂಚ ಬಳುಕಿದಂತೆ ಕಾಣುತ್ತದೆ. ಮನೆಯಲ್ಲಿ ಪರೀಕ್ಷಿಸಿಕೊಳ್ಳಲು ಕೊಟ್ಟಿರುವ ಚೌಕಳಿ ಹಾಳೆಯಲ್ಲೂ ಅದೇ ಜಾಗದಲ್ಲಿ ಗೆರೆ ಬಳುಕುತ್ತದೆ. ಅಂಟಿಸಿದ ಗುರುತು ಅದು. ಆ ಬಳುಕು ನನಗೆ ಪ್ರಿಯವಾಗಿದೆ.

ಬಾಹ್ಯಾಕಾಶದ ನೌಕೆಗಳು ತೇಲಿದಾಗ ಯೊಹಾನ್ ಸ್ಟ್ರೌಸ್‌ನ ವಾಲ್ಟ್ಸ್ ಆರಂಭವಾಯಿತು. ಪಕ್ಕದಲ್ಲಿದ್ದ ಗವಾಯಿಗಳು ನನ್ನ ಮುಂಗೈ ಮೇಲೆ ಬೆರಳಿನಿಂದ ದಾದರಾ ತಾಳ ಹಾಕತೊಡಗಿದರು, ಮೂರು ಮೂರು ಮಾತ್ರೆಯಂತೆ. ನಾನು ಕಂಡದ್ದನ್ನು ಕಿವಿಯಲ್ಲಿ ಹೇಳುತ್ತಿದ್ದೆ. ಒಬ್ಬಳು ಗೋಡೆಯ ಮೇಲೇ ನಡೆದುಕೊಂಡು ತಲೆಕೆಳಗಾದಳು ಎಂದೆ. 38 ಅಡಿ ವ್ಯಾಸದ ಚಕ್ರವನ್ನೇ ಕಟ್ಟಿ ತಿರುಗಿಸಿ, ಅದರೊಳಗೆ ಓಡುವವನನ್ನು ಚಿತ್ರಿಸಿದ್ದಾರೆ ಎಂದೆ. ಚಂದ್ರನ ಮೇಲೆ ಇನ್ನೂ ಯಾರೂ ಕಾಲಿಡದ 1968ರಲ್ಲಿ ನಿರ್ದೇಶಕ ಕುಬ್ರಿಕ್ ಮತ್ತು ಲೇಖಕ ಕ್ಲಾರ್ಕ್ ಇದನ್ನೆಲ್ಲ ಹೇಗೆ ಊಹಿಸಿದರೋ! ಮೇಲೆ, ಕೆಳಗೆ ಎಂಬುದೇ ಇಲ್ಲದ ಆ ಕೋಣೆಗಳನ್ನು ನೋಡುವಾಗ ಮಂಚದ ಕೆಳಗಿನ ಆ ಪುಟ್ಟ ಮುಖ ಕಣ್ಣೆದುರು ಬಂತು. ಮಂತ್ರದಂತೆ ನೂರು ಕಂಠಗಳು ಒಂದರೊಳಗೊಂದು ಹೊಕ್ಕು ಮೊರೆಯುವ ಸಂಗೀತ ಬಂದಾಗ ಗವಾಯಿಗಳು ಬೆರಳು ನಿಲ್ಲಿಸಿದರು. “ಇಲ್ಲಿ ತಾಳವಿಲ್ಲ. ಸ್ವರಗಳ ನಡುವೆ ಕೂದಲೆಳೆಯಷ್ಟೂ ಜಾಗ ಬಿಟ್ಟಿಲ್ಲ” ಎಂದರು.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಶಾಲೆಯಲ್ಲಿ ಹಳೆಯ ನಿರ್ವಾತ ಪಂಪ್ ಇತ್ತು. ಗಾಜಿನ ಬೆಲ್ ಜಾರ್ ಒಳಗೆ ವಿದ್ಯುತ್ ಗಂಟೆ ಇಟ್ಟು ಗಾಳಿ ಹೀರಿದರೆ ಸದ್ದು ನಿಲ್ಲಬೇಕು. ಪಂಪ್ ಸೋರುತ್ತಿತ್ತು. ಎಷ್ಟು ಹೀರಿದರೂ ಗಂಟೆ ಕ್ಷೀಣವಾಗಿ ಬಾರಿಸುತ್ತಲೇ ಇರುತ್ತಿತ್ತು. “ಸರ್, ಇನ್ನೂ ಕೇಳಿಸುತ್ತಿದೆ” ಎಂದು ಒಬ್ಬ ಹುಡುಗ ಪ್ರತಿ ಸಲ ಪ್ರಾಮಾಣಿಕವಾಗಿ ಹೇಳುತ್ತಿದ್ದ. ಈ ಆಟವನ್ನು ಏರ್ಪಡಿಸಿದವನು ಅವನೇ.

ಚಿತ್ರದ ಉತ್ತರಾರ್ಧದಲ್ಲಿ ಗಗನಯಾತ್ರಿ ಶಿರಸ್ತ್ರಾಣವಿಲ್ಲದೆ ನೌಕೆಯ ತುರ್ತುಬಾಗಿಲಿಗೆ ನುಗ್ಗಬೇಕಾಗುತ್ತದೆ. ಬಾಗಿಲು ಸಿಡಿಯುತ್ತದೆ, ಮನುಷ್ಯ ಗೋಡೆಯಿಂದ ಗೋಡೆಗೆ ಅಪ್ಪಳಿಸುತ್ತಾನೆ, ಒಂದಿಷ್ಟೂ ಸದ್ದಿಲ್ಲ. ಗಾಳಿಯೇ ಇಲ್ಲವಲ್ಲ. ಮೊಬೈಲ್‌ನಲ್ಲಿ ನೋಡಿದಾಗ ಹೊರಗಿನ ಆಟೋಗಳ ಸದ್ದು ಆ ಜಾಗವನ್ನು ತುಂಬಿತ್ತು. ಇಲ್ಲಿ ನಲವತ್ತೊಂದು ಜನ ಉಸಿರು ಬಿಗಿಹಿಡಿದಿದ್ದರು. ಆಗ ಹಿಂದಿನ ಸಾಲಿನಿಂದ ನನ್ನ ಭುಜದ ಮೇಲೆ ಕೈಯೊಂದು ಬಂತು.

“ಸರ್, ಕೇಳಿಸುತ್ತಿಲ್ಲ.”

ಮರುಕ್ಷಣ ಗಗನಯಾತ್ರಿ ಹಿಡಿಕೆ ಎಳೆದ, ಗಾಳಿ ನುಗ್ಗಿತು, ಸದ್ದು ಭೋರೆಂದು ಮರಳಿತು. ನನ್ನ ಎಡಗಣ್ಣು ತುಂಬಿ ಪರದೆ ಮಸುಕಾಯಿತು. ಒರೆಸಿಕೊಂಡೆ, ಮತ್ತೆ ತಿಳಿಯಾಯಿತು.

ಸಂಜೆಯ ರೈಲಿನಲ್ಲಿ ಗವಾಯಿಗಳೊಂದಿಗೆ ಮರಳಿದೆ. ಹಳಿಯ ಸದ್ದು ಬದಲಾದಾಗ ಅವರು ಏನೂ ಹೇಳದೆ ನನ್ನ ಕಡೆಗೆ ಮುಖ ತಿರುಗಿಸಿ ಕಾದರು. ಬಲಗಣ್ಣು ಮುಚ್ಚಿ ಕಿಟಕಿಯಿಂದ ನೋಡಿದೆ. ಹಳದಿ ಹಲಗೆ, ಕಪ್ಪಕ್ಷರ.

“ಅಣ್ಣಿಗೇರಿ” ಎಂದು ಓದಿದೆ.

“ಹುಲಕೋಟಿ ಬಂದಾಗಲೂ ಓದಿರಿ, ಮಾಸ್ತರರೇ” ಎಂದರು.