ಡೌನ್‌ಲೋಡ್ ಲೆಕ್ಕ ಬಳಸುವವರ ಲೆಕ್ಕವಲ್ಲ

ಮಾನ್ಯ ಸಂಪಾದಕರೇ,

ಅಂಕಿಅಂಶಗಳ ಕೆಲಸಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಜನ ಅತಿ ಹೆಚ್ಚು ಬಳಸುವ ಪ್ಯಾಕೇಜ್‌ಗಳು’ (ಅಂದರೆ ಭಾಷೆಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್‌ನ ಕಟ್ಟುಗಳು) ಎಂದು ನಿಮ್ಮ ತಂತ್ರಜ್ಞಾನ ಪುಟದಲ್ಲಿ ಒಂದು ಪಟ್ಟಿ ಬಂದಿತ್ತು. ಇಂಥ ವಿಷಯವನ್ನು ಕನ್ನಡದಲ್ಲಿ ಓದಿ ಖುಷಿಯಾಯಿತು. ಆದರೆ ಶೀರ್ಷಿಕೆಗೆ ನನ್ನ ತಕರಾರಿದೆ. ಪಟ್ಟಿಯಲ್ಲಿದ್ದದ್ದು ಡೌನ್‌ಲೋಡ್ ಸಂಖ್ಯೆ. ಜನರ ಸಂಖ್ಯೆಯಲ್ಲ.

ನಾನೂ ಒಂದು ಪುಟ್ಟ ಪ್ಯಾಕೇಜ್ ನೋಡಿಕೊಳ್ಳುತ್ತೇನೆ. ಅದರ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳದ ತಿಂಗಳಲ್ಲೂ ಡೌನ್‌ಲೋಡ್ ಮಾತ್ರ ನಿಲ್ಲುವುದಿಲ್ಲ. ಹೊಸ ಆವೃತ್ತಿ ಹಾಕಿದ ವಾರ ಸಂಖ್ಯೆ ದಿಢೀರ್ ಏರುತ್ತದೆ. ಹಳಬರೇ ಮತ್ತೆ ಇಳಿಸಿಕೊಂಡಿರುತ್ತಾರೆ, ಅಷ್ಟೇ. ಇನ್ನು ಕೋಡ್ ಬದಲಾದಾಗಲೆಲ್ಲ ತಾನಾಗಿ ಪರೀಕ್ಷೆ ನಡೆಸುವ ಸರ್ವರ್‌ಗಳಿವೆಯಲ್ಲ, ಅವು ಬೇಕಾದ ಪ್ಯಾಕೇಜ್‌ಗಳನ್ನು ಎಷ್ಟೋ ಸಲ ಹೊಸದಾಗಿಯೇ ಇಳಿಸಿಕೊಳ್ಳುತ್ತವೆ. ಅಲ್ಲಿ ಮನುಷ್ಯರೇ ಇಲ್ಲ.

ಒಂದು ಪ್ಯಾಕೇಜ್ ಇನ್ನೊಂದನ್ನು ನೆಚ್ಚಿಕೊಳ್ಳುವ ಅವಲಂಬನೆಯ ಕಥೆ ಬೇರೆಯೇ. ಅಂಕಿಅಂಶಗಳ ಚಿತ್ರ ಬಿಡಿಸಲು ಜಿಜಿಪ್ಲಾಟ್2 ಎಂಬ ಪ್ಯಾಕೇಜ್ ಹಾಕಿಕೊಂಡರೆ ಆರ್‌ಲ್ಯಾಂಗ್, ಸಿಎಲ್‌ಐ, ಸ್ಕೇಲ್ಸ್, ಲೈಫ್‌ಸೈಕಲ್ ಮುಂತಾದವು ಕೇಳದೆಯೇ ಜೊತೆಗೆ ಬರುತ್ತವೆ. ಹಾಕಿಕೊಂಡವರಲ್ಲಿ ಎಷ್ಟೋ ಜನ ಲೈಫ್‌ಸೈಕಲ್ ಎಂಬ ಹೆಸರನ್ನೇ ಕೇಳಿರುವುದಿಲ್ಲ. ಆದರೂ ಲೆಕ್ಕದಲ್ಲಿ ಅದೂ ಒಂದು ಡೌನ್‌ಲೋಡ್. ಇದು ಆ ಪ್ಯಾಕೇಜ್ ಬರೆದವರನ್ನು ಹಳಿಯುವ ಮಾತಲ್ಲ. ತಳಪಾಯ ಅವರದ್ದೇ. ಆದರೆ ‘ಜನ ಆರಿಸಿಕೊಂಡರು’ ಎನ್ನಲಾಗದು, ಅಲ್ವಾ?

ಸಂಖ್ಯೆ ಎಲ್ಲಿಂದ ಬಂತು ಎನ್ನುವುದನ್ನೂ ನೀವು ಬರೆದಿರಲಿಲ್ಲ. ಆರ್ ಪ್ಯಾಕೇಜ್‌ಗಳನ್ನು ಇಟ್ಟಿರುವ ಕ್ರಾನ್ ಭಂಡಾರದ ನಕಲು ಇಟ್ಟುಕೊಂಡ ಮಿರರ್‌ಗಳು ಜಗತ್ತಿನಲ್ಲಿ ಹತ್ತಾರು ಇವೆ. ಸಾಮಾನ್ಯವಾಗಿ ಎಲ್ಲರೂ ಎತ್ತಿ ಹೇಳುವ ಅಂಕಿ ಅವುಗಳಲ್ಲಿ ಒಂದರದ್ದು ಮಾತ್ರ. ಹಿಂದೆ ಆರ್‌ಸ್ಟುಡಿಯೋ ಎನಿಸಿಕೊಂಡಿದ್ದ, 2022ರಿಂದ ಪಾಸಿಟ್ ಆದ ಸಂಸ್ಥೆಯ ಮಿರರ್ ಅದು. ಅದರ ಲಾಗ್, ಅಂದರೆ ಡೌನ್‌ಲೋಡ್‌ಗಳ ದಾಖಲೆ, 2012ರ ಅಕ್ಟೋಬರ್‌ನಿಂದ ದಿನಕ್ಕೊಂದು ಫೈಲ್‌ನಂತೆ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ಐಪಿ ವಿಳಾಸದ ಬದಲು ಒಂದು ಸಂಖ್ಯೆ ಇರುತ್ತದೆ, ಅದೂ ದಿನ ದಿನ ಬದಲಾಗುತ್ತದೆ. ಹಾಗಾಗಿ ನಿನ್ನೆ ಬಂದವರೇ ಇವತ್ತೂ ಬಂದರೇ ಎಂದು ತಿಳಿಯಲು ದಾರಿಯಿಲ್ಲ.

ಲಾಗ್ ಇಳಿಸಿಕೊಂಡು ತಾವೇ ಲೆಕ್ಕ ಹಾಕಲು ಹೊರಟ ಓದುಗರಿಗೂ ಒಂದು ಮಾತು. ಸಾಲುಗಳು ಲಕ್ಷಗಟ್ಟಲೆ. ಪ್ಯಾಕೇಜ್ ಹೆಸರುಗಳನ್ನು ಡೇಟಾ ಫ್ರೇಮ್‌ನ (ಆರ್‌ನಲ್ಲಿ ಕೋಷ್ಟಕಕ್ಕೆ ಇರುವ ಹೆಸರು) ಸಾಲಿನ ಹೆಸರಾಗಿಟ್ಟು, ಲೂಪ್‌ನಲ್ಲಿ (ಅದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕೋಡ್) ಒಂದೊಂದಾಗಿ ಹುಡುಕಿದರೆ ಕಂಪ್ಯೂಟರ್ ತೆವಳುತ್ತದೆ. ನಿಧಾನ ಒಂದೇ ಆಗಿದ್ದರೆ ಸಹಿಸಬಹುದಿತ್ತು. ಹೀಗೆ ಹುಡುಕುವಾಗ ಆರ್ ಅರ್ಧ ಹೆಸರನ್ನೂ ಒಪ್ಪಿಕೊಳ್ಳುತ್ತದೆ! ಆರ್ ಜೊತೆಗೇ ಬರುವ ಎಂಟಿಕಾರ್ಸ್ ಎಂಬ 32 ಕಾರುಗಳ ಪಟ್ಟಿಯಲ್ಲಿ ‘ವಾಲ್’ ಎಂಬ ಸಾಲು ಕೇಳಿ ನೋಡಿ. ಸುಮ್ನೆ ‘ವಾಲಿಯಂಟ್’ ಕಾರಿನ ಸಾಲು ತಂದುಕೊಡುತ್ತದೆ. ಅದೇ ರೀತಿ, ನಿಮ್ಮ ಪಟ್ಟಿಯಲ್ಲಿ ‘ಜಿಜಿಪ್ಲಾಟ್’ ಇಲ್ಲದೆ ‘ಜಿಜಿಪ್ಲಾಟ್2’ ಒಂದೇ ಇದ್ದರೆ, ಮೊದಲನೆಯದನ್ನು ಕೇಳಿದಾಗ ಎರಡನೆಯದರ ಲೆಕ್ಕ ಬರುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ.

ಹೆಸರುಗಳನ್ನು ಒಂದು ಕಾಲಮ್‌ನಲ್ಲಿಟ್ಟು ಆರ್‌ನ ಮ್ಯಾಚ್ ಎಂಬ ಫಂಕ್ಷನ್ ಬಳಸಿದರೆ ಎರಡೂ ತೊಂದರೆ ತಪ್ಪುತ್ತವೆ. ಅದು ಪೂರ್ತಿ ಹೆಸರನ್ನೇ ಹೊಂದಿಸುತ್ತದೆ. ಒಳಗೆ ಹ್ಯಾಶ್ ಟೇಬಲ್ (ಹೆಸರನ್ನು ಬೇಗ ಹುಡುಕಿಕೊಡುವ ಸೂಚಿ) ಕಟ್ಟಿಕೊಳ್ಳುವುದರಿಂದ ವೇಗವೂ ಜಾಸ್ತಿ. ಆದರೆ ಹುಡುಕಬೇಕಾದ ಹೆಸರುಗಳನ್ನೆಲ್ಲ ಒಟ್ಟಿಗೇ ಕೊಡಬೇಕು. ಲೂಪ್ ಒಳಗೆ ಒಂದೊಂದೇ ಕೊಟ್ಟರೆ ಪ್ರತಿ ಸಲ ಪಟ್ಟಿಯನ್ನು ಮೊದಲಿನಿಂದ ಹುಡುಕಬೇಕಾಗುತ್ತದೆ, ಮತ್ತೆ ಅದೇ ತೆವಳಾಟ.

ಮುಂದಿನ ಸಲ ಇಂಥ ಪಟ್ಟಿ ಹಾಕುವಾಗ ‘ಡೌನ್‌ಲೋಡ್’ ಎಂದೇ ಬರೆಯಿರಿ. ಯಾವ ಮಿರರ್, ಯಾವ ತಿಂಗಳು ಎಂದು ಕೆಳಗೆ ಒಂದು ಸಾಲು ಸೇರಿಸಿ. ಆ ಪ್ಯಾಕೇಜನ್ನು ಬೇರೆ ಎಷ್ಟು ಪ್ಯಾಕೇಜ್‌ಗಳು ನೆಚ್ಚಿಕೊಂಡಿವೆ ಎಂಬುದು ಕ್ರಾನ್‌ನ ಆಯಾ ಪುಟದಲ್ಲೇ ಸಿಗುತ್ತದೆ. ಅದನ್ನೂ ಪಕ್ಕದಲ್ಲಿ ಹಾಕಿದರೆ ಓದುಗರಿಗೆ ಅನುಕೂಲ.

ಇಂತಿ,
ನಿಮ್ಮ ಪತ್ರಿಕೆಯ ಓದುಗ